ಕೆಂಡದ ಚುಕ್ಕಿ, ಬೆಲ್ಲದ ಚುಕ್ಕಿ

ನಮ್ಮ ಮನೆಯಲ್ಲಿ ಒಂದು ಹಳೆಯ ಜಗಳವಿದೆ. ಮನಸ್ತಾಪದ ಜಗಳವಲ್ಲ, ಚಳಿಗಾಲಕ್ಕೆ ಪೆಟ್ಟಿಗೆಯಿಂದ ಹೊರಬರುವ ಕಂಬಳಿಯ ಹಾಗೆ ವರ್ಷಕ್ಕೊಮ್ಮೆ ಹೊರಬರುವಂಥದ್ದು. ಆಳಂದದ ನಮ್ಮ ಹಿತ್ತಲಿನಿಂದ ದೂರದರ್ಶಕದಲ್ಲಿ ಕಾಣುವ ಒಂದು ನಕ್ಷತ್ರದ ಬಣ್ಣ ಯಾವುದು ಎಂಬುದೇ ಅದರ ವಿಷಯ. ನಾನು ಊದಿದ ಕೆಂಡ ಎನ್ನುತ್ತೇನೆ. ನನ್ನ ಹೆಂಡತಿ ಬೆಲ್ಲದ ಪಾಕ ಎನ್ನುತ್ತಾಳೆ.

ನಾನು ಇತಿಹಾಸ ಓದಿದವನು, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವನು. ಕಣ್ಣಾರೆ ಕಂಡವರ ಮಾತನ್ನೂ ಪೂರ್ತಿ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಆದರೆ ಈ ಕೆಂಪನ್ನು ಕಣ್ಣಾರೆ ಕಂಡವನು ನಾನೇ. ಮೊದಲ ಸಲ ಅದನ್ನು ಕಂಡ ಮೇಲೆಯೇ ಅಂಥ ಉಳಿದ ಚುಕ್ಕಿಗಳನ್ನು ಹುಡುಕಲು ಕೂತವನು. ಆ ಕೆಂಪು ನನ್ನ ನೆನಪು ಆಮೇಲೆ ಬಳಿದ ಬಣ್ಣವಾಗಿದ್ದರೆ, ಹಿತ್ತಲಿನಲ್ಲಿ ಕಳೆದ ಅಷ್ಟೂ ಸಂಜೆಗಳು ಯಾವುದರ ಮೇಲೆ ನಿಂತಿವೆ?

ದೂರದರ್ಶಕ ಮೊದಲು ಜೇವರ್ಗಿಯ ನಿವೃತ್ತ ಮಾಸ್ತರರೊಬ್ಬರದಾಗಿತ್ತು. ಬಗ್ಗಿ ನೋಡಲು ಮೊಣಕಾಲು ಒಪ್ಪುತ್ತಿಲ್ಲ ಎಂದು ನನಗೆ ಕೊಟ್ಟರು. ಬಸ್ಸಿನಲ್ಲಿ ತರುವಾಗ ಕಂಡಕ್ಟರ್, "ಬೋರಿನ ಪೈಪೇನ್ರಿ ಸರ? ಲಗೇಜ್ ಆಗ್ತದ ನೋಡ್ರಿ" ಎಂದ.

"ಚುಕ್ಕಿ ನೋಡೋದ್ರಿ ಇದು."

ಅವನು ನನ್ನ ಮುಖವನ್ನೊಮ್ಮೆ ನೋಡಿ, "ಹಂಗಾದ್ರ ತೊಡಿ ಮ್ಯಾಲ ಇಟ್ಕೋರಿ" ಎಂದು ಮುಂದೆ ಹೋದ. ಹಾಗೆ ಅಂದನೆಂದು ನನ್ನ ನೆನಪು. ಹೇಳಿ ಹೇಳಿ ನಾನೇ ಮಾತನ್ನು ಚಂದ ಮಾಡಿಕೊಂಡಿರಲೂಬಹುದು.

ಆಕಾಶದ ಬೇಟೆಗಾರ ಮಹಾವ್ಯಾಧನ ಕಾಲ ಕೆಳಗೆ ಮೊಲದ ನಕ್ಷತ್ರಪುಂಜವಿದೆ. ನಮ್ಮ ಚುಕ್ಕಿ ಇರುವುದು ಅಲ್ಲಿ. ಇಂಥವನ್ನು ಇಂಗಾಲದ ನಕ್ಷತ್ರಗಳು ಎನ್ನುತ್ತಾರೆ. ನಕ್ಷತ್ರಕ್ಕೆ ವಯಸ್ಸಾದಾಗ ಒಳಗಿನ ಇಂಗಾಲ ಮೇಲೆ ಬಂದು, ಕಂದೀಲಿನ ಗಾಜಿಗೆ ಮಸಿ ಹಿಡಿದ ಹಾಗೆ ಸುತ್ತಲೂ ಕವಿಯುತ್ತದೆ. ಅದು ನೀಲಿ ಬೆಳಕನ್ನು ತಡೆದು ಕೆಂಪನ್ನು ಮಾತ್ರ ಬಿಟ್ಟುಕೊಡುತ್ತದೆ. ತಿಂಗಳುಗಳು ಕಳೆದಂತೆ ಹೊಳಪು ಏರಿ ಇಳಿಯುವುದೂ ಉಂಟು. ನನಗೆ ಅದೊಂದು ನೆಪವಾಗಿತ್ತು. "ಚುಕ್ಕಿನೇ ಬದಲಾಗ್ತಿರ್ತದ" ಎನ್ನುತ್ತಿದ್ದೆ.

"ಒಂದೇ ಸಂಜಿ, ಒಂದೇ ಕೊಳವಿ," ಎನ್ನುತ್ತಿದ್ದಳು ಹೆಂಡತಿ. "ನೀವು ಎದ್ರಿ, ನಾ ಕುಂತೆ. ಅಷ್ಟರಾಗ ಬದಲಾತೇನ್ರಿ?"

ನಾನು ಮಸೂರ ಒರೆಸಲು ತೊಡಗುತ್ತಿದ್ದೆ.

ಈ ಜನವರಿಯಲ್ಲಿ ಅವ್ವ ಬಂದಳು. ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ ನನ್ನ ತಮ್ಮನ ಜೊತೆ ಇರುವ ಅವಳು ತೊಗರಿ ರಾಶಿ ಮುಗಿದ ಮೇಲೆ ನಮ್ಮಲ್ಲಿ ಕೆಲವು ದಿನ ಇದ್ದು ಹೋಗುತ್ತಾಳೆ. ನಮ್ಮ ಜಗಳಕ್ಕೆ ಮೂರನೆಯ ಸಾಕ್ಷಿ ಸಿಕ್ಕಂತಾಯಿತು. ಸಂಜೆಯ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮುಂಚೆಯೇ ಶಾಲು ಹೊದ್ದು ಹಿತ್ತಲಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಹೆಂಡತಿ ಒಲೆ ಸಣ್ಣ ಮಾಡಿ ಬಾಗಿಲಲ್ಲಿ ನಿಂತಳು.

"ಏನ್ ಬಣ್ಣ ಅದ ಅವ್ವಾ?"

"ಬೆಲ್ಲದಂಗ ಅದಲ್ಲೋ."

"ಕೇಳಿದ್ರಿಲ್ರಿ?" ಹೆಂಡತಿ ಚಪ್ಪಾಳೆ ತಟ್ಟಿಯೇ ಬಿಟ್ಟಳು.

ಅವ್ವ ಕಣ್ಣು ತೆಗೆಯಲಿಲ್ಲ. "ತಡಿ ಬೇ, ನೋಡಾಕತ್ತೇನಿ."

ಚುಕ್ಕಿ ಜಾರಿಹೋಗದಂತೆ ನಾನು ಕೊಳವೆಯನ್ನು ಬೆರಳ ತುದಿಯಿಂದ ಆಗಾಗ ಸರಿಸುತ್ತಿದ್ದೆ. ಅವ್ವ ಅಲುಗಲಿಲ್ಲ. ಪಕ್ಕದ ಮನೆಯ ಟಿವಿಯಲ್ಲಿ ಯಾರೋ ಅತ್ತು, ಜಾಹೀರಾತು ಬಂದು, ಮತ್ತೆ ಅಳತೊಡಗಿದರು. ಆಮೇಲೆ ಅವ್ವ ಮೆಲ್ಲಗೆ ಹೇಳಿದಳು: "ಕೆಂಪಾಗಾಕತ್ತದ. ಯಾರೋ ಕುಂತು ಊದಿದಂಗ."

ಆಗ ಅವಳು ಕೂತ ರೀತಿಯನ್ನು ನೋಡಿದೆ. ಬೆನ್ನು ನೆಟ್ಟಗಿತ್ತು, ಉಸಿರು ನಿಧಾನವಾಗಿತ್ತು. ತೊಡೆಯ ಮೇಲೆ ಎಡ ಅಂಗೈ ತಾನಾಗಿ ತೆರೆದುಕೊಂಡಿತ್ತು. ಅಂಗೈಯ ಲಿಂಗವನ್ನು ರೆಪ್ಪೆ ಬಡಿಯದೆ ನೋಡುವವರು ಕೂರುವುದೇ ಹಾಗೆ. ನಾನೂ ಚಿಕ್ಕಂದಿನಲ್ಲಿ ಅವಳ ಪಕ್ಕದಲ್ಲಿ ಕೂತೇ ಅದನ್ನು ಕಲಿತವನು. ಕೆಂಪು ಚುಕ್ಕಿಯನ್ನು ದಿಟ್ಟಿಸಬಾರದು, ದಿಟ್ಟಿಸಿದಷ್ಟೂ ಕಣ್ಣು ಕೆಂಪನ್ನು ಕೂಡಿಹಾಕಿ ಉಬ್ಬಿಸಿ ತೋರಿಸುತ್ತದೆ ಎಂದು ಎಂದೋ ಓದಿದ್ದೆ. ಓದಿ, ನಾನೇನೂ ದಿಟ್ಟಿಸುವವನಲ್ಲ ಎಂದುಕೊಂಡಿದ್ದೆ. ಬರಿಯ ಒಂದು ನೋಟ ಎಂದು ನಾನು ತಿಳಿದದ್ದು ಬೇರೆಯವರ ಲೆಕ್ಕದಲ್ಲಿ ಒಂದು ಪೂಜೆಯಷ್ಟು ಉದ್ದ.

ಅದನ್ನು ಹೇಳಿದಾಗ ಅವ್ವ ನಕ್ಕಳು. ಹೆಂಡತಿ ಕಡಗಂಚಿಯ ಶಾಲೆಯಲ್ಲಿ ಟೀಚರು. ಬೆಳಗಿನ ಬಸ್ಸಿಗೆ ಓಡುವವಳು. "ಹಂಗಾದ್ರ ಇಕಿಗೆ ಕೆಂಪ ಹ್ಯಾಂಗ ಕಾಣಬೇಕು?" ಎಂದಳು ಅವ್ವ. "ಇಕಿದು ಬಸ್ ಹಿಡಿಯೋರ ಪೂಜಾ. ಲಿಂಗ ಅಂಗೈಗೆ ಬರೂದ್ರಾಗ ತಿರುಗಿ ಕೊರಳಿನ ಕರಡಿಗಿಗೆ ಹೊಂಟಿರ್ತದ."

"ನಿಮ್ಮ ಶಿವಗ ಟೈಮ್ ಅದ ಅತ್ತಿ, ನಮ್ಮ ಹೆಡ್ ಮಾಸ್ತರಗ ಇಲ್ರಿ."

ನಾನು ಸ್ಟೂಲಿಗೆ ಬಂದೆ. ಕಣ್ಣಿಟ್ಟು, ಕೂಡಲೇ ತೆಗೆದೆ. ಬೆಲ್ಲ. ಇಷ್ಟು ವರ್ಷ ಹೆಂಡತಿ ಹೇಳುತ್ತಿದ್ದ ಬಣ್ಣವನ್ನು ಮೊದಲ ಸಲ ಕಂಡೆ, ಚಂದವಿತ್ತು. ಮತ್ತೆ ಕಣ್ಣಿಟ್ಟು ಕಾದೆ. ನನ್ನ ಕೆಂಡ ನಿಧಾನವಾಗಿ ಹೊತ್ತಿಕೊಂಡಿತು. ನೆನಪು ಅದನ್ನು ಕಟ್ಟಿದ್ದಲ್ಲ, ಸದ್ಯ. ಚುಕ್ಕಿಯದೊಂದು ಪಾಲು, ನನ್ನ ಕಣ್ಣಿನದೊಂದು ಪಾಲು. ಆದರೂ ಕಂಡದ್ದು ಕಂಡದ್ದೇ. ಮೊದಲ ಸಂಜೆಯೂ ಹೀಗೆಯೇ ಬೆನ್ನು ನೆಟ್ಟಗಿಟ್ಟು ಕೂತಿದ್ದೆ ಎಂದು ಈಗ ಸ್ಪಷ್ಟವಾಗಿ ನೆನಪಾಗುತ್ತದೆ. ಈ ಸ್ಪಷ್ಟತೆ ಆ ಸಂಜೆಯದೋ, ಇವತ್ತಿನದೋ, ಆಣೆ ಮಾಡಿ ಹೇಳಲಾರೆ.

"ಸರೀರಿ," ಎಂದು ಹೆಂಡತಿ ನನ್ನನ್ನು ಎಬ್ಬಿಸಿ ತಾನು ಕೂತಳು. ಮೊದಲು ಗೊಣಗಿದಳು, ಆಮೇಲೆ ಅವಳ ಬೆನ್ನೂ ನೆಟ್ಟಗಾಯಿತು. ಒಳಗೆ ಪಲ್ಯ ತಳ ಹಿಡಿದ ವಾಸನೆ ಬಂತು. ಅವ್ವ ಎದ್ದು ಒಲೆಯ ಕಡೆ ಹೋದಳು. ಹೆಂಡತಿ ಏಳಲಿಲ್ಲ.

"ಬಂತ್ರಿ," ಎಂದಳು ಕೊನೆಗೆ, ಕಣ್ಣು ತೆಗೆಯದೆ.

"ಏನು?"

"ನಿಮ್ಮ ಕೆಂಪು. ಕೊಳವಿ ಸರಸ್ರಿ, ಹೊಂಟದ ಅದು."

ನಾನು ಬೆರಳ ತುದಿಯಿಂದ ಕೊಳವೆಯನ್ನು ಸರಿಸಿದೆ.