ಒಂದು ಮಾತು ಹೇಳ್ಲೇನ್ರಿ ಸರ್?

ಹೋದ ತಿಂಗಳು ಸುರಪುರದ ಫಂಕ್ಷನ್ ಹಾಲ್ ಒಂದರಲ್ಲಿ ನಾನು ನಾಲ್ಕು ಜನರ ಸಾವಿಗೆ ಕಾರಣನಾದೆ. ಆ ನಾಲ್ವರಲ್ಲಿ ನಾನೂ ಒಬ್ಬ. (ಗಾಬರಿಯಾಗಬೇಡಿ, ಇದು ಮೊಬೈಲ್ ಗೇಮಿನ ಮಾತು.)

ಐವತ್ತು ದಾಟಿದ ಹೆಡ್‌ಮಾಸ್ಟರ್‌ಗೆ ಈ ಹುಚ್ಚು ಹೇಗೆ ಹತ್ತಿತು ಎನ್ನುತ್ತೀರಾ? ಶಹಾಪುರದ ಹತ್ತಿರ ನಮ್ಮ ಹೈಸ್ಕೂಲು. ಶನಿವಾರ ಅರ್ಧ ದಿನ. ಮಕ್ಕಳು ಮನೆಗೆ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ನಾವು ನಾಲ್ವರು ಮೊಬೈಲ್ ಹಿಡಿದು ಕೂರುತ್ತಿದ್ದೆವು. ನಾನು, ಪಿ.ಟಿ. ಮಾಸ್ತರ ಬಸಣ್ಣ, ಗುಮಾಸ್ತ ಶರಣಪ್ಪ, ವಿಜ್ಞಾನದ ಅತಿಥಿ ಶಿಕ್ಷಕಿ ರೇಣುಕಾ. ರೇಣುಕಾ ನನ್ನ ಹಳೆಯ ವಿದ್ಯಾರ್ಥಿನಿ.

ಆಟ ಸರಳ. ನಾಲ್ಕು ನಾಲ್ಕು ಜನರ ತಂಡಗಳು ಒಂದು ದ್ವೀಪಕ್ಕೆ ಇಳಿಯುತ್ತವೆ. ಸುರಕ್ಷಿತ ಜಾಗದ ಸರ್ಕಲ್ ಕಿರಿದಾಗುತ್ತಾ ಹೋಗುತ್ತದೆ. ಕೊನೆಗೆ ಉಳಿದ ತಂಡ ಗೆದ್ದಂತೆ.

ಲೀಡರ್ ಯಾರು? ಕೇಳಬೇಕೆ! ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಯಾವ ಕ್ರಮದಲ್ಲಿತ್ತೋ ಆಟದಲ್ಲೂ ಅದೇ ಕ್ರಮ. ಮೊದಲು ನಾನು, ಕೊನೆಗೆ ರೇಣುಕಾ.

ಆದರೆ ನಿಜವಾಗಿ ಆಟ ಬರುತ್ತಿದ್ದದ್ದು ರೇಣುಕಾಗೆ. ನಾವು ಮೂವರು ಎದುರಿಗೆ ಕಂಡವನಿಗೆ ಗುಂಡು ಹಾರಿಸುವ ಗಿರಾಕಿಗಳು. ಅವಳ ಕಣ್ಣು ಮಾತ್ರ ಸ್ಕ್ರೀನಿನ ಮೂಲೆಯ ಪುಟ್ಟ ಮ್ಯಾಪಿನ ಮೇಲೆ. ಸರ್ಕಲ್ ಎತ್ತ ಸರಿಯುತ್ತಿದೆ, ಹೆಜ್ಜೆ ಸಪ್ಪಳ ಯಾವ ಕಡೆಯಿಂದ, ನಮ್ಮಲ್ಲಿ ಯಾರ ಗುಂಡು ಮುಗಿಯುತ್ತಾ ಬಂದಿದೆ, ಎಲ್ಲ ಗೊತ್ತು. ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದೆ.

"ನಮ್ಮಪ್ಪ ಕೃಷ್ಣಾ ಹೊಳ್ಯಾಗ ಮೀನ ಹಿಡೀತಾನಲ್ರಿ ಸರ್. ಬಲಿ ಬೀಸೂ ಮೊದಲ ಮೀನ ನೋಡಂಗಿಲ್ಲ, ನೀರ ನೋಡ್ತಾನ. ಸೆಳವು ಎತ್ತ ಐತಿ, ತಾ ಹೊಳ್ಳಿ ದಂಡಿಗಿ ಹೆಂಗ ಬರಬೇಕು ಅಂತ."

ಶಭಾಷ್ ಎಂದೆ. ಮರೆತೂ ಬಿಟ್ಟೆ.

ಸುರಪುರದ ಟೂರ್ನಮೆಂಟಿಗೆ ನಮ್ಮ ಹೆಸರು ಕೊಟ್ಟವಳೂ ಅವಳೇ. ಬಸಣ್ಣನ ಕಾರಿನಲ್ಲಿ ಹೋಗುವಾಗ ಹಿಂದಿನ ಸೀಟಿನಿಂದ ಕೇಳಿದಳು, "ಸರ್, ಇವತ್ತೊಂದಿನ ನಾ ಲೀಡರ್ ಆಗ್ಲೇನ್ರಿ?"

ಎಷ್ಟು ದಿನದಿಂದ ಧೈರ್ಯ ಕೂಡಿಸಿದ್ದಳೋ ಏನೋ. ನಾನು ನಕ್ಕೆ. "ನೋಡೂಣಂತ ತಗೋ" ಎಂದೆ. (ನಮ್ಮ ಕಡೆ ಹಿರಿಯರು ಹಾಗೆಂದರೆ ಆಗುವುದಿಲ್ಲ ಎಂದೇ ಅರ್ಥ.)

ಕೊನೆಗೆ ಮೂರು ತಂಡ ಉಳಿದವು. ಅದರಲ್ಲಿ ನಮ್ಮದೂ ಒಂದು! ಸರ್ಕಲ್ ಉತ್ತರಕ್ಕೆ ಸರಿಯುತ್ತಿತ್ತು. ಅಷ್ಟರಲ್ಲಿ ದಕ್ಷಿಣದ ಬಟಾಬಯಲಿನಲ್ಲಿ ಆಕಾಶದಿಂದ ಒಂದು ಪೆಟ್ಟಿಗೆ ಇಳಿಯಿತು. ಅದರಲ್ಲಿ ಭಾರಿ ಬಂದೂಕು ಇರುತ್ತದೆ. ನನಗೆ ಬಾಯಲ್ಲಿ ನೀರೂರಿತು.

"ಎಲ್ಲಾರೂ ಪೆಟಿಗಿ ಕಡಿ ನಡೀರಿ!"

"ಸರ್, ಒಂದು ಮಾತು ಹೇಳ್ಲೇನ್ರಿ?" ರೇಣುಕಾ.

ಅಲ್ಲಿಗೆ ಮೂರು ಸೆಕೆಂಡು ಹೋಯಿತು.

"ತಪ್ಪ ತಿಳಕೋಬ್ಯಾಡ್ರಿ ಸರ್, ಆ ಗುಡ್ಡದ ಮ್ಯಾಲ..."

"ಹಿರ್ಯಾರು ಮಾತಾಡೂಮುಂದ ನಡುವ ಬಾಯಿ ಹಾಕಬ್ಯಾಡ ರೇಣುಕಾ!"

ಇಡೀ ಹಾಲ್ ತಿರುಗಿ ನೋಡಿತು. ಅವಳು ನನ್ನ ಹಿಂದೆಯೇ ಬಯಲಿಗೆ ಬಂದಳು. ಗುಡ್ಡದ ಮೇಲೆ ಅಡಗಿದ್ದವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಉರುಳಿಸಿದರು. ಅವಳಾದರೂ ಹಿಂದೆ ಉಳಿಯಬಹುದಿತ್ತು. ಉಳಿಯಲಿಲ್ಲ.

ಸೋತದ್ದಕ್ಕಲ್ಲ ನನ್ನ ಸಂಕಟ. ವಾಪಸ್ ಬರುವಾಗ ಕಾರಿನಲ್ಲಿ ಆಡಿದ ಮಾತಿಗೆ. "ರೇಣುಕಾ ಸ್ವಲ್ಪ ಲಗೂ ಹೇಳಿದ್ರ ಉಳೀತಿದ್ವಿ ನೋಡ್ರಿ" ಎಂದುಬಿಟ್ಟೆ. ಬಸಣ್ಣ, ಶರಣಪ್ಪ ಇಬ್ಬರೂ "ಹೌದ್ರಿ ಸರ್" ಎಂದರು. (ಅವರಿಗೂ ನಾನೇ ಹೆಡ್‌ಮಾಸ್ಟರ್ ತಾನೆ?) ರೇಣುಕಾ ಕಿಟಕಿಯ ಹೊರಗೆ ನೋಡುತ್ತಲೇ "ತಪ್ಪಾತ್ರಿ ಸರ್" ಎಂದಳು. ಆ ಮಾತು ನನ್ನ ಬಾಯಿಂದ ಬರಬೇಕಿತ್ತು. ಬರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಈ ಆಟ ಕಲಿಸುವ ವಿಡಿಯೋಗಳು ಎಷ್ಟೋ ಇವೆ. ಎಲ್ಲದರ ಸಾರ ಒಂದೇ. ಮ್ಯಾಪ್ ನೋಡಿ, ಸದ್ದು ಆಲಿಸಿ, ಕಂಡದ್ದನ್ನು ತಕ್ಷಣ ತಂಡಕ್ಕೆ ಹೇಳಿ. ತಕ್ಷಣ! ನಮ್ಮಲ್ಲಿ ಆಗುತ್ತದೆಯೆ? ಕಂಡವಳು ಮೊದಲು ಅಪ್ಪಣೆ ಕೇಳಬೇಕು, ಆಮೇಲೆ ಕ್ಷಮೆ ಕೇಳಬೇಕು, ಆಮೇಲೆ ವಿಷಯಕ್ಕೆ ಬರಬೇಕು. ಅಷ್ಟೊತ್ತಿಗೆ ಲೀಡರ್ ಸತ್ತಿರುತ್ತಾನೆ. ಕೈ ಎತ್ತದೆ ಮಾತಾಡಬಾರದು ಎಂದು ಎಂಟನೇ ಕ್ಲಾಸಿನಲ್ಲಿ ಅವಳಿಗೆ ಕಲಿಸಿದವನು ಬೇರೆ ಯಾರೂ ಅಲ್ಲ, ನಾನೇ.

ಮೊನ್ನೆ ಶನಿವಾರ ಅವಳು ಸ್ಟಾಫ್ ರೂಮಿಗೆ ಬರಲಿಲ್ಲ. ವರಾಂಡದಲ್ಲಿ ಕೂತು, ಇಯರ್‌ಫೋನ್ ಹಾಕಿಕೊಂಡು, ಹುಣಸಗಿಯ ಗೆಳತಿಯರ ಜೊತೆ ಆಡುತ್ತಿದ್ದಳು.

"ಏ ಲಕ್ಷ್ಮೀ, ಎಡಕ್ಕ ಮಂದಿ ಅದಾರ! ಹಿಂದ ಸರಿ! ಪೆಟಿಗಿ ಬಿಡು, ಸರ್ಕಲ್‌ನ್ಯಾಗ ಬಾ!"

ಅವಳಿಗೆ ಅಂಥ ದನಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎಂಟನೇ ಕ್ಲಾಸಿನಿಂದ ನೋಡಿದ್ದೇನೆ, ಒಮ್ಮೆಯೂ ಕೇಳಿಲ್ಲ. ಆ ಆಟ ಅವಳ ತಂಡವೇ ಗೆದ್ದಿತು.

ಹತ್ತಿರ ಹೋಗಿ ಹೇಳಿದೆ, "ಅವತ್ತಿನ ತಪ್ಪು ನಂದು ರೇಣುಕಾ. ಇನ್ನ ಮ್ಯಾಲ ನಮ್ಮ ಟೀಮಿಗೆ ನೀನ ಲೀಡರ್ ಆಗು. ನೀ ಹೇಳಿದಂಗ ಕೇಳ್ತೀನಿ."

ಅವಳು ಗಡಬಡಿಸಿ ಎದ್ದು ನಿಂತಳು. ಫೋನ್ ಬೆನ್ನ ಹಿಂದೆ ಹೋಯಿತು.

"ಬ್ಯಾಡ್ರಿ ಸರ್. ನೀವು ಇದ್ರ ನನಗ ಮಾತ ಬರಂಗಿಲ್ರಿ."

ನನ್ನ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳುತ್ತದೆ ಎಂದು ಇಷ್ಟು ವರ್ಷ ಜಂಬ ಕೊಚ್ಚಿಕೊಂಡೆನಲ್ಲ, ಆ ನಿಶ್ಶಬ್ದದಲ್ಲಿ ಎಷ್ಟು ಮಕ್ಕಳು ಏನೇನು ಕಂಡು ಸುಮ್ಮನೆ ಕೂತಿದ್ದರೋ?