ಕಿವಿ ಮೇಸ್ತ್ರಿ ಹಾಕಿದ ಗುರುತು

ನಮ್ಮ ಭಾವನನ್ನು ಕೆಲಸದವರೆಲ್ಲ ಕರೆಯುವುದು ಕಿವಿ ಮೇಸ್ತ್ರಿ ಎಂದೇ. ಬೆಂಕಿ ಬಿದ್ದ ಕಟ್ಟಡಗಳ ರಿಪೇರಿ ನಮ್ಮ ಕೆಲಸ. ಭಾವ ಸುತ್ತಿಗೆಯಿಂದ ಕಂಬಕ್ಕೆ ಹೊಡೆದು ಕಿವಿಗೊಡುತ್ತಾರೆ. ಕಾಂಕ್ರೀಟು ಗಟ್ಟಿಯಿದ್ದರೆ ಖಣ್ ಎನ್ನುತ್ತದೆ, ಸೀಮೆಸುಣ್ಣದಲ್ಲಿ ಸರಿ ಗುರುತು ಬೀಳುತ್ತದೆ. ಒಳಗೆ ಬೆಂದು ಟೊಳ್ಳಾಗಿದ್ದರೆ ಬೊದ್ ಎನ್ನುತ್ತದೆ. ಅದಕ್ಕೆ ಅಡ್ಡಗೆರೆ; ಕಬ್ಬಿಣದ ಸರಳು ಕಾಣುವ ತನಕ ನಾವು ಒಡೆದು ಹೊಸದಾಗಿ ತುಂಬುತ್ತೇವೆ. ಒಡೆಯುವ ಮಿಷನ್ನಿನ ಪಕ್ಕ ಮೂವತ್ತು ವರ್ಷ ನಿಂತ ಕಿವಿ ಅದು. ಹತ್ತಿಯಾದರೂ ಇಟ್ಟುಕೊಳ್ಳಿ ಎಂದು ಅಕ್ಕ ಬಡಿದುಕೊಂಡದ್ದೇ ಬಂತು, ಮಹಾರಾಯ ಕೇಳಲಿಲ್ಲ.

ಹೋದ ವರ್ಷ ಒಂದು ಶಾಲೆ ರಿಪೇರಿ ಮಾಡಿದ್ದೆವು; ಈ ಸಲ ಸುಟ್ಟದ್ದು ಬಟ್ಟೆ ಗೋದಾಮು. ಮೇಲೆ ಮೂರು ಅಂತಸ್ತು ಮನೆಗಳು. ಆ ಜನ ರಸ್ತೆಯಾಚೆಯ ಶೆಡ್ಡಿನಲ್ಲಿದ್ದುಕೊಂಡು, ಯಾವಾಗ ಮನೆ ಸೇರುವುದು ಎಂದು ದಿನಾ ನಮ್ಮ ಪ್ರಾಣ ತಿನ್ನುತ್ತಿದ್ದರು. ಆವತ್ತು ಮಧ್ಯಾಹ್ನ ಸೂರಿಗೆ ಕೊಟ್ಟಿದ್ದ ಆಸರೆಗಳನ್ನು ಬಿಚ್ಚುವುದಿತ್ತು.

ಬೆಳಗ್ಗೆ ವೈರು ಕಟ್ಟಲು ನಾನು ಒಂಬತ್ತನೇ ಕಂಬಕ್ಕೆ ಮೊಳೆ ಹೊಡೆದೆ. ಬೊದ್ ಎಂದಿತು. ಇನ್ನೊಂದು ಮಗ್ಗುಲಿಗೆ ಹೊಡೆದೆ, ಅಲ್ಲೂ ಬೊದ್. ಅದರ ಮೇಲೆ ಭಾವನ ಸರಿ ಗುರುತಿತ್ತು.

ಭಾವನನ್ನು ಕೈಹಿಡಿದು ಎಳೆದುಕೊಂಡು ಬಂದೆ. ಭಾವ ಕಂಬಕ್ಕೆ ಹೊಡೆದರು. ಹೊಡೆದವರು ಕಂಬವನ್ನು ಬಿಟ್ಟು ನನ್ನ ಮುಖ ನೋಡಿದರು. ಆಗ ಅರ್ಥವಾಯಿತು. ಇಷ್ಟು ದಿನ ಅವರು ಪಕ್ಕದಲ್ಲಿದ್ದವರ ಮುಖ ನೋಡಿ ಗುರುತು ಹಾಕುತ್ತಿದ್ದರು. ಈ ಕಂಬ ಬಡಿಯುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಯಾರ್ಗೂ ಹೇಳ್ಬೇಡ ಕಣೋ," ಎಂದು ನನ್ನ ಅಂಗಿ ಹಿಡಿದುಕೊಂಡರು. "ಇದಕ್ಕೆ ಅಡ್ಡಗೆರೆ ಹಾಕ್ತೀನಿ. ಈ ಕೆಲಸ ಹೋದ್ರೆ ನಾನು ಯಾರೋ?"

"ಮಿಕ್ಕ ಕಂಬಗಳು ಭಾವಾ?" ಕಿರುಚಿಯೇ ಕೇಳಿದೆ. ಸಿಟ್ಟಿಗೆ ಅವರ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ.

ಭಾವ ಸಿಮೆಂಟು ಚೀಲದ ಮೇಲೆ ಕುಕ್ಕರಿಸಿದರು. ಆಮೇಲೆ ತಾವಾಗಿಯೇ ಎದ್ದು, ಕೆಲಸದ ಉಸ್ತುವಾರಿಯ ಇಂಜಿನಿಯರಮ್ಮನ ಬಳಿ ನಡೆದರು. ನಾನೂ ಹಿಂದೆಯೇ ಹೋದೆ.

"ಆಸರೆ ಬಿಚ್ಚಬೇಡಿ ಮೇಡಂ. ನಂಗೆ ಕಿವಿ ಕೇಳಲ್ಲ."

ಆಕೆ ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಒಂದೇ ಮಾತು ಕೇಳಿದಳು. ಭಾವನಿಗೆ ಗೊತ್ತಾಗಲಿಲ್ಲ. ಅದನ್ನೇ ನಾನು ಅವರ ಕಿವಿಯ ಹತ್ತಿರ ಕೂಗಬೇಕಾಯಿತು:

"ಯಾವಾಗಿಂದ ಅಂತ ಕೇಳ್ತಿದಾರೆ!"

"ಎರಡು ವರ್ಷ."

ಎರಡು ವರ್ಷದಲ್ಲಿ ಹನ್ನೊಂದು ಕಟ್ಟಡ. ಎಲ್ಲದರಲ್ಲೂ ಜನ ತುಂಬಿದ್ದಾರೆ. ಇಂಜಿನಿಯರಮ್ಮ ಪಟ್ಟಿ ಬರೆಯಲು ಪೆನ್ನು ತೆಗೆದಳು. ಭಾವ ಆಕೆಯ ಕೈ ತಡೆದರು.

"ಬರೆಯೋದು ಆಮೇಲೆ ಮೇಡಂ. ಮೊದ್ಲು ಶಾಲೆಗೆ ಫೋನ್ ಮಾಡಿ. ಮಕ್ಕಳು ಒಳಗಿದಾರೆ."