ಮೊದಲ ಸಾಲಿನಿಂದ ಓದುವ ತೈಮಿ ರಾಸಿನಾ

ಕೆಟ್ಟದ್ದನ್ನು ಅಳಿಸಿ ಹೊಸದನ್ನು ಕೂರಿಸುವವರು ಗಣಕಲೋಕದಲ್ಲಿ ಬೇಕಾದಷ್ಟಿದ್ದಾರೆ. ಏಕೆ ಕೆಟ್ಟಿತೆಂದು ಯಂತ್ರವನ್ನೇ ಕೇಳಿ ತಿಳಿದು, ಇದ್ದಲ್ಲಿಯೇ ನೆಟ್ಟಗೆ ಮಾಡುವವರು ವಿರಳ. ಬೋತ್ನಿಯಾ ಕೊಲ್ಲಿಯ ದಡದ ನಮ್ಮ ಕೈಸ್ಲಾರಂತಾ ಪುರಸಭೆಯ ಗಣಕ ವಿಭಾಗದಿಂದ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ತೈಮಿ ರಾಸಿನಾ ಅವರು ಆ ವಿರಳರಲ್ಲಿ ಅಗ್ರಗಣ್ಯರು. ಹೀಗೆಂದು ಎದುರಿಗೇ ಹೊಗಳಿದರೆ ಅವರು ನಾಚಿಕೊಳ್ಳುವುದಿಲ್ಲ. "ಇನ್ನೊಂದ್ಸಲ ಹೇಳಿ, ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ" ಎನ್ನುತ್ತಾರೆ.

ಗಣಕ ನಡೆಸುವ ಉಚಿತ ತಂತ್ರಾಂಶವಾದ ಲಿನಕ್ಸ್ ಎಂದರೆ ವಿದ್ಯಾರ್ಥಿಗಳ ಹುಚ್ಚು ಎಂದು ಹಿರಿಯರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಸೇವೆಗೆ ಬಂದ ಅವರು, ಊರಿನ ಗ್ರಂಥಾಲಯವನ್ನೂ ಶಾಲೆಗಳನ್ನೂ ಒಂದೊಂದಾಗಿ ಅದರ ಮೇಲೆ ನಿಲ್ಲಿಸಿದರು. ವಿಭಾಗಕ್ಕೆ ಅವರು ಕಲಿಸಿದ ಪದ್ಧತಿಗಳು ಎರಡು. ಏನಾದರೂ ಕೆಟ್ಟರೆ ಕೀಬೋರ್ಡಿನಿಂದ ಕೈ ತೆಗೆದು, ಕಾಫಿ ಬಗ್ಗಿಸಿಕೊಂಡು, ಪರದೆಯ ಮೇಲೆ ಯಂತ್ರ ಬರೆದ ದೂರನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಬೇಕು. ಕೆಡಿಸಿದವರು ಮರುದಿನ ಎಲ್ಲರಿಗೂ ಏಲಕ್ಕಿ ಬನ್ನು ತರಬೇಕು. ಓಟ್ಸೊ ಲಂಪೇಲಾ ಅವರು ಕೆಲಸಕ್ಕೆ ಸೇರಿದ ವಾರವೇ ಶಾಲೆಗಳ ಇ-ಅಂಚೆಯನ್ನೆಲ್ಲ ಮೂಕವಾಗಿಸಿ, ಮರುದಿನ ತಲೆ ತಗ್ಗಿಸಿಕೊಂಡು ಬನ್ನು ಹೊತ್ತು ಬಂದಾಗ, ಮೇಜಿನ ಮೇಲೆ ಆಗಲೇ ಇನ್ನೊಂದು ಪೊಟ್ಟಣವಿತ್ತು. "ಸರಿಯಾಗಿ ಹೇಳಿಕೊಡದೆ ಇದ್ದೋಳು ನಾನು. ಅರ್ಧ ತಪ್ಪು ನಂದು, ತಿನ್ನು" ಎಂದಿದ್ದರು ತೈಮಿ.

ಅವರ ಸೇವಾವಧಿಗೆ ಕಲಶವಿಟ್ಟ ಪ್ರಸಂಗವೊಂದಿದೆ. ವಿಭಾಗವನ್ನು ಮುಚ್ಚಿ ಕೆಲಸವನ್ನೆಲ್ಲ ಹೊರಗಿನ ಕಂಪನಿಗೆ ಒಪ್ಪಿಸಬೇಕೆಂದು ಪುರಸಭಾ ಸದಸ್ಯೆ ಸಿರ್ಕಾ ಹೌತಲಾ ಅವರು ಗೊತ್ತುವಳಿ ತಂದಿದ್ದರು. ಮತಕ್ಕೆ ಹಾಕುವ ಮುನ್ನ ಒಮ್ಮೆ ಕಣ್ಣಾರೆ ನೋಡುತ್ತೇನೆಂದು ಬರುವವರಿದ್ದರು. ಅತಿಥಿ ಬರುವಾಗ ಎಲ್ಲವೂ ಹೊಚ್ಚಹೊಸದಾಗಿರಲೆಂದು ಓಟ್ಸೊ ಅಂದು ಬೆಳಿಗ್ಗೆ ಗ್ರಂಥಾಲಯದ ಯಂತ್ರದ ಪ್ಯಾಕೇಜುಗಳನ್ನು, ಅಂದರೆ ಒಂದನ್ನೊಂದು ನೆಚ್ಚಿ ನಿಂತ ತಂತ್ರಾಂಶದ ಕಟ್ಟುಗಳನ್ನು, ನವೀಕರಿಸಲು ಹೊರಟರು. ಕೆಲಸ ಅರ್ಧಕ್ಕೆ ನಿಂತಿತು. ಒಂದು ಪ್ಯಾಕೇಜು ಇನ್ನೊಂದಕ್ಕೆ ಕಾಯುತ್ತ, ಅದು ಮತ್ತೊಂದನ್ನು ದೂರುತ್ತ, ಪುಸ್ತಕ ಕೊಡುವ ಪ್ರೋಗ್ರಾಮು ಕಣ್ಣು ಮುಚ್ಚಿತು. ಗಂಟು ಬಿಡಿಸಲು ಯಂತ್ರ ತಾನೇ ಒಂದು ದಾರಿ ತೋರಿತು: ಉಳಿದವೆಲ್ಲ ನಿಂತಿರುವ ತಳದ ಪ್ಯಾಕೇಜುಗಳನ್ನೇ ಕಿತ್ತುಹಾಕುವುದು. ಒಪ್ಪಿಗೆಯಿದ್ದರೆ 'ಹೌದು, ನಾನು ಹೇಳಿದಂತೆ ಮಾಡು' ಎಂದು ಇಡೀ ವಾಕ್ಯವನ್ನು ಟೈಪು ಮಾಡಬೇಕಿತ್ತು. ಓಟ್ಸೊ ಅರ್ಧ ಟೈಪು ಮಾಡಿದ್ದರು.

"ಕೈ ತೆಗಿ!" ಎಂದರು ತೈಮಿ ಬಾಗಿಲಿನಿಂದಲೇ. "ಅದು ನಿನ್ ಹತ್ರ ಮುಚ್ಚಳಿಕೆ ಬರೆಸ್ಕೊಳ್ತಿದೆ ಮಾರಾಯ. ಅಂದ್ರೆ ಅದಕ್ಕೂ ಭಯ ಆಗಿದೆ ಅಂತ."

ಅಷ್ಟರಲ್ಲಿ ಸಿರ್ಕಾ ಬಂದೇಬಿಟ್ಟರು, ಹೇಳಿದ್ದಕ್ಕಿಂತ ಮುಂಚೆ.

"ಇವರನ್ನ ಪಕ್ಕದ ಕೋಣೇಲಿ ಕೂರಿಸ್ಲಾ?" ಎಂದು ಓಟ್ಸೊ ಪಿಸುಗುಟ್ಟಿದರು.

"ಯಾಕೆ, ಮನೇಲಿ ಕಳ್ಳ ಇದಾನಾ?" ತೈಮಿ ದನಿ ತಗ್ಗಿಸಲೂ ಇಲ್ಲ. "ಬನ್ನಿ ಸಿರ್ಕಾ, ಒಳ್ಳೆ ಹೊತ್ತಿಗೆ ಬಂದ್ರಿ. ಕೆಟ್ಟು ಕೂತಿದೆ. ಕಾಫಿ ತಗೊಳ್ಳಿ, ಮೊದಲ್ನೇ ಸಾಲು ಜೋರಾಗಿ ಓದಿ."

"ನಂಗೇನ್ರೀ ಅರ್ಥ ಆಗುತ್ತೆ?"

"ಓದೋಕೆ ಬರುತ್ತಲ್ಲ? ಸಾಕು."

ಸಿರ್ಕಾ ಓದಿದರು. ಪರದೆ ತುಂಬ ದೂರುಗಳಿದ್ದರೂ ಮೊದಲನೆಯದು ಸರಳವಾಗಿತ್ತು: ತಳದ ಒಂದು ಪ್ಯಾಕೇಜು ಇರಬೇಕಾದದ್ದಕ್ಕಿಂತ ಹೊಸದಾಗಿದೆ. "ಹೊಸದಾಗಿರೋದೂ ತಪ್ಪಾ?" ಎಂದು ಸಿರ್ಕಾ ಹುಬ್ಬೇರಿಸಿದರು.

"ಉಳಿದವೆಲ್ಲ ಹಳೇ ಅಳತೆಗೆ ಹೊಲಿಸಿದ್ದು. ಇದೊಂದು, ನಾವು ಪ್ಯಾಕೇಜು ತರಿಸೋ ಉಗ್ರಾಣ ಬಿಟ್ಟು, ಬೇರೆ ಉಗ್ರಾಣದಿಂದ ನುಗ್ಗಿದೆ," ಎಂದ ತೈಮಿ ತಿರುಗಿದರು. "ಓಟ್ಸೊ, ಇನ್ನೂ ಪರೀಕ್ಷೇಲಿರೋ ಪ್ಯಾಕೇಜುಗಳ ಉಗ್ರಾಣದ ಬಾಗಿಲು ತೆಗೆದೋರು ಯಾರಪ್ಪಾ?"

"ನಾನೇ. ಅಲ್ಲಿಂದ ಒಂದು ನಕ್ಷೆ ಪ್ರೋಗ್ರಾಮು ಬೇಕಿತ್ತು, ಚಳಿಗಾಲದಲ್ಲಿ. ಮುಚ್ಚೋದು ಮರ್ತೆ."

"ಬನ್ನಿಗೆ ಬೆಣ್ಣೆ ಜಾಸ್ತಿ ಇರ್ಲಿ."

ಆ ಬಾಗಿಲನ್ನು ಮುಚ್ಚಿ, ನುಗ್ಗಿದ್ದನ್ನು ಹಿಂದಿನ ಆವೃತ್ತಿಗೆ ಇಳಿಸಿ, ಅರ್ಧಕ್ಕೆ ನಿಂತವೆಲ್ಲ ಕೆಲಸ ಮುಗಿಸಲಿ ಎಂಬ ಆಜ್ಞೆಯನ್ನು ತೈಮಿ ಬರೆದರು. ಕೊನೆಯ ಗುಂಡಿಯನ್ನು ಮಾತ್ರ ಒತ್ತಲಿಲ್ಲ. "ಸಿರ್ಕಾ, ಒತ್ತಿ" ಎಂದರು.

ವಿಭಾಗವನ್ನು ಮುಚ್ಚಲು ಬಂದಿದ್ದ ಕೈಯೇ ಒತ್ತಿತು. ಪ್ಯಾಕೇಜುಗಳು ಒಂದರ ಹಿಂದೊಂದು ಎದ್ದು ನಿಂತವು, ಸಾಲುಗಳು ಸರಸರನೆ ಮೇಲೇರಿದವು, ದೂರುಗಳೆಲ್ಲ ಬಾಯಿ ಮುಚ್ಚಿದವು. ಫೋನು ಬಡಿದುಕೊಂಡಿತು. ಗ್ರಂಥಾಲಯದವರು: "ಪುಸ್ತಕ ಮತ್ತೆ ಎರವಲು ಹೋಗ್ತಿವೆ!" ಮಾತಿಗೆ ಜಿಪುಣರಾದ ನಮ್ಮ ಊರಿನವರು ಆ ಕೋಣೆಯಲ್ಲಿ ಮೊದಲ ಸಲ ಚಪ್ಪಾಳೆ ತಟ್ಟಿದ್ದು ಅಂದೇ ಇರಬೇಕು.

ಸಭೆಯಲ್ಲಿ ಸಿರ್ಕಾ ತಮ್ಮ ಗೊತ್ತುವಳಿಯನ್ನು ತಾವೇ ಹಿಂತೆಗೆದುಕೊಂಡರು. "ಕೆಟ್ರೆ ಏನ್ಮಾಡ್ತೀರಿ ಅಂತ ಕಂಪನಿಯೋರನ್ನ ಕೇಳ್ದೆ. ಅಳಿಸಿ ಹೊಸದು ಹಾಕ್ತೀವಿ ಅಂದ್ರು. ನಮ್ಮೋರು ಓದ್ತಾರೆ" ಎಂಬುದು ಅವರ ಭಾಷಣದ ಪೂರ್ಣಪಾಠ. ಮರುದಿನ ಬೆಳಿಗ್ಗೆ ವಿಭಾಗದ ಬಾಗಿಲಲ್ಲಿ ಬೆಚ್ಚಗಿನ ಪೊಟ್ಟಣ ಹಿಡಿದು ಅವರೇ ನಿಂತಿದ್ದರು. "ಕೆಡಿಸೋಕೆ ಹೊರಟಿದ್ದು ನಾನು ತಾನೇ? ನಿಮ್ಮ ಪದ್ಧತಿ ಏನು ಅಂತ ಓಟ್ಸೊ ಹೇಳಿದಾನೆ."

ತೈಮಿ ಒಂದು ಬನ್ನನ್ನು ಮುರಿದು, ಅರ್ಧವನ್ನು ಅವರ ಕೈಗಿಟ್ಟರು.

ಇನ್ನು ಸರೋವರದ ದಡದ ಬೇಸಿಗೆ ಮನೆಯಲ್ಲಿ ಕುಳಿತು, ಜಗತ್ತೆಲ್ಲ ಬಳಸುವ ಒಂದಷ್ಟು ಪ್ಯಾಕೇಜುಗಳನ್ನು ಸಂಬಳವಿಲ್ಲದೆ ಕಾಯುವ ಕೆಲಸವನ್ನು ಅವರು ವಹಿಸಿಕೊಂಡಿದ್ದಾರೆ. ಅವರ ಕಣ್ಣು ಚುರುಕಾಗಿರಲಿ, ಕಾಫಿ ಬಿಸಿಯಾಗಿರಲಿ, ಆಯುಸ್ಸು ಹಿರಿದಾಗಲಿ. ಇತ್ತ ಅವರು ಉಳಿಸಿಕೊಟ್ಟ ಕೋಣೆಯಲ್ಲಿ ಯಂತ್ರ ದೂರಿದಾಗಲೆಲ್ಲ ಯಾರಾದರೊಬ್ಬರು ಕೈ ತೆಗೆದು, ಮೊದಲ ಸಾಲನ್ನು ಗಟ್ಟಿಯಾಗಿ ಓದುತ್ತಿರುತ್ತಾರೆ.